ಮೂರು ಬಯೋಡೇಟಾ, ಒಬ್ಬಳೇ ನಾನು

ಒಂಬತ್ತು ವರ್ಷ ನಾನು ದುಡಿದ ಕಾರ್ಖಾನೆಯವರು ಒಂದು ಸೋಮವಾರ ಬೆಳಿಗ್ಗೆ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಮಷೀನುಗಳನ್ನು ಉತ್ತರದ ಕಡೆಯ ರಾಜ್ಯವೊಂದಕ್ಕೆ ಸಾಗಿಸುತ್ತಿದ್ದೇವೆ ಎಂದು ಹೇಳಿದರು. ಅಲ್ಲಿ ತೆರಿಗೆ ಕಡಿಮೆಯಂತೆ. ಜೊತೆಗೆ ಬರುವವರು ಬರಬಹುದು, ಉಳಿದವರು ಮೂರು ತಿಂಗಳಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು. ಹೇಳಿದ ಅಧಿಕಾರಿ ಚಹಾ ಕೂಡ ಕುಡಿಯದೆ ಎದ್ದು ಹೋದರು. ನಾವು ಮಾತ್ರ ಕುಡಿದೆವು. ಲೋಟ ಇಟ್ಟು ಅವರವರ ಜಾಗಕ್ಕೆ ಹೋಗಿ, ಏನೂ ಆಗಿಲ್ಲವೆಂಬಂತೆ ಸಂಜೆಯ ತನಕ ಕೆಲಸ ಮಾಡಿದೆವು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಹೊಸೂರಿನಲ್ಲಿ ಹೀಗೆ ಮೂಟೆ ಕಟ್ಟುತ್ತಿದ್ದ ಕಾರ್ಖಾನೆ ನಮ್ಮದೊಂದೇ ಅಲ್ಲ. ಹೊಸದಾಗಿ ಬಾಗಿಲು ತೆರೆಯುತ್ತಿದ್ದವೂ ಇದ್ದವು. ಹಾಗಾಗಿ ನನಗೆ ದೊಡ್ಡ ಹೆದರಿಕೆ ಇರಲಿಲ್ಲ. ನಾನು ಸ್ಟೋರ್ಸ್ ವಿಭಾಗದಲ್ಲಿದ್ದೆ. ಬೇರಿಂಗು, ಆಯಿಲ್ ಸೀಲು, ಬೋಲ್ಟು, ಕೈಗವಸು, ಮಷೀನು ಒರೆಸುವ ಹತ್ತಿಯ ಚಿಂದಿ, ಹೀಗೆ ಕಾರ್ಖಾನೆಗೆ ಬೇಕಾದ ಪ್ರತಿಯೊಂದೂ ನಮ್ಮ ಕಬ್ಬಿಣದ ಕಪಾಟುಗಳ ಅರೆಗಳಲ್ಲಿರುತ್ತಿತ್ತು. ಒಂದೊಂದು ಅರೆಗೂ ಒಂದೊಂದು ಕಾರ್ಡು ನೇತುಹಾಕಿರುತ್ತಿದ್ದೆವು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅದರಲ್ಲಿ ಬರೆಯುವುದು ನನ್ನ ಕೆಲಸ. ಕರೆಂಟು ಹೋದರೂ ಕತ್ತಲಲ್ಲಿ ಕೈಯಾಡಿಸಿ ಬೇಕಾದ ಅಳತೆಯ ನಟ್ಟನ್ನು ತೆಗೆದುಕೊಡುತ್ತಿದ್ದೆ. ಇಂಥವಳಿಗೆ ಕೆಲಸ ಸಿಗದೇ ಇರುತ್ತದೆಯೇ ಎಂದುಕೊಂಡಿದ್ದೆ.

ನಮ್ಮ ಮನೆ ಹೊಸೂರಿಗೆ ಹತ್ತಿರದ, ತಮಿಳುನಾಡಿನ ಗಡಿಯೊಳಗಿನ ಬಾಗಲೂರಿನಲ್ಲಿ. ಗಂಡ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರು, ವಾರಕ್ಕೊಂದು ಶಿಫ್ಟು. ಎರಡು ಮಕ್ಕಳು ತಮಿಳು ಶಾಲೆಗೆ ಹೋಗುತ್ತಿದ್ದವು. ಮನೆಯಲ್ಲಿ ಅತ್ತೆ ಇದ್ದರು. ನನಗಾಗ ಮೂವತ್ತಮೂರು.

ಒಂಬತ್ತು ವರ್ಷದ ಹಿಂದೆ ನನಗೆ ಕೆಲಸ ಸಿಕ್ಕಿದ್ದು ಬಹಳ ಸುಲಭವಾಗಿ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಂಡು ಗೇಟಿಗೆ ಹೋಗಿದ್ದೆ, ವಾಚ್‌ಮನ್ ಒಳಗೆ ಕಳಿಸಿದ್ದ, ಮಾರನೆಯ ದಿನ ಸೇರಿಕೊಂಡಿದ್ದೆ. ಈ ಸಲವೂ ಹಾಗೆಯೇ ಹಾಳೆ ಹಿಡಿದು ಹೊರಟೆ. ಒಂದು ವಾರದಲ್ಲಿ ಹನ್ನೊಂದು ಗೇಟು ನೋಡಿದೆ. ಹನ್ನೊಂದರಲ್ಲೂ ನೀಲಿ ಸಮವಸ್ತ್ರದವರು ಒಂದೇ ಮಾತು ಹೇಳಿದರು, ಅರ್ಜಿ ತಗೊಳ್ಳಲ್ಲ, ಕನ್ಸಲ್ಟೆನ್ಸಿ ಮೂಲಕ ಬನ್ನಿ. ಯಾವ ಕನ್ಸಲ್ಟೆನ್ಸಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೆಲಸ ಹುಡುಕುವುದಕ್ಕೆ ಮೊದಲು, ಕೆಲಸ ಹುಡುಕಿಕೊಡುವವರನ್ನು ಹುಡುಕಬೇಕೆಂಬುದು ನನಗೆ ತಿಳಿದದ್ದು ಆಗ.

ಮೊದಲು ಹೋದದ್ದು ಹೊಸೂರು ಬಸ್ ನಿಲ್ದಾಣದ ಎದುರಿಗಿದ್ದ ಮೊಬೈಲ್ ಅಂಗಡಿಯ ಮಹಡಿಯಲ್ಲಿದ್ದ ಕನ್ಸಲ್ಟೆನ್ಸಿಗೆ. ಇದ್ದ ಬೋರ್ಡುಗಳಲ್ಲೆಲ್ಲ ಅದೇ ದೊಡ್ಡದು. ಮೆಟ್ಟಿಲು ಎಷ್ಟು ಕಿರಿದಾಗಿತ್ತೆಂದರೆ ಇಳಿಯುವವರು ಗೋಡೆಗೆ ಒತ್ತಿಕೊಂಡರೆ ಮಾತ್ರ ಹತ್ತುವವರು ಹತ್ತಬಹುದಿತ್ತು. ಮೇಲೆ ಮೂರು ಕುರ್ಚಿ, ಒಂದು ಕಂಪ್ಯೂಟರು, ಇಪ್ಪತ್ತು ದಾಟಿದ ಒಬ್ಬ ಹುಡುಗಿ ಮತ್ತು ಅವಳ ಕಿವಿಗೆ ಅಂಟಿಕೊಂಡಿದ್ದ ಫೋನು. ಅವಳು ನನ್ನ ಬಯೋಡೇಟಾ, ನಾಲ್ಕು ಫೋಟೋ ತೆಗೆದುಕೊಂಡು, ಏನು ಅನುಭವ ಎಂದು ಕೇಳಿದಳು. ಸ್ಟೋರ್ಸ್ ಎಂದೆ. ಟೈಪ್ ಮಾಡಿಕೊಂಡಳು. ಅಷ್ಟೇ, ಮುಗಿಯಿತು. ನಾನು ಒಂಬತ್ತು ವರ್ಷ ಮಾಡಿದ್ದು ಅವಳ ಬೆರಳಿಗೆ ಎರಡು ಸೆಕೆಂಡಿನ ಕೆಲಸವಾಯಿತು.

ಫೋನು ಬೇಗ ಬಂತು. ಒಳ್ಳೆಯ ಕಡೆಯೇ ಬಂದೆನೆಂದು ಹಿಗ್ಗಿದೆ. ಅವಳು ಕಳಿಸಿದ್ದು ಒಂದು ಆಸ್ಪತ್ರೆಗೆ. ಅಲ್ಲಿಗೆ ಬೇಕಾದದ್ದು ಇಂಗ್ಲಿಷ್ ಬಲ್ಲ ರಿಸೆಪ್ಷನಿಸ್ಟು. ಎರಡನೆಯ ಸಲ ಕಳಿಸಿದ್ದು ಕಲ್ಯಾಣಮಂಟಪವೊಂದಕ್ಕೆ. ಅಲ್ಲಿ ನನ್ನ ಹಾಗೆ ಬಂದಿದ್ದ ನಲವತ್ತು ಜನರಿಗೆ ಒಂದೊಂದು ಪೆನ್ನು ಕೊಟ್ಟು, ನಿಮ್ಮ ನೆಂಟರಲ್ಲಿ ವಿಮಾ ಪಾಲಿಸಿ ಮಾಡಿಸದವರ ಪಟ್ಟಿ ಬರೆಯಿರಿ ಎಂದರು. ಪೆನ್ನನ್ನು ಅಲ್ಲೇ ಇಟ್ಟು ಎದ್ದು ಬಂದೆ. ಮೂರನೆಯ ಸಲ ಅವಳು ಬಹಳ ಖುಷಿಯಿಂದ ಫೋನ್ ಮಾಡಿ, ಈ ಸಲ ಸರಿಯಾಗಿ ಸ್ಟೋರ್ಸೇ ಸಿಕ್ಕಿದೆ ಅಕ್ಕಾ ಎಂದಳು. ಹೋಗಿ ನೋಡಿದರೆ ಅದು ಬಟ್ಟೆ, ಪಾತ್ರೆ, ಬಿಸ್ಕತ್ತು ಎಲ್ಲ ಮಾರುವ ಡಿಪಾರ್ಟ್‌ಮೆಂಟಲ್ ಸ್ಟೋರು. ಸೇಲ್ಸ್ ಗರ್ಲ್ ಬೇಕಿತ್ತು, ಇಪ್ಪತ್ತೈದರ ಒಳಗಿನವಳು. ಅಲ್ಲಿದ್ದವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಮ್ಮ ಮಗಳಿಗಾ ಎಂದು ಕೇಳಿದ.

ಅಲ್ಲಿಂದ ನೆಟ್ಟಗೆ ಆ ಕಿರಿದಾದ ಮೆಟ್ಟಿಲು ಹತ್ತಿದೆ. ಚೆನ್ನಾಗಿ ಬಯ್ಯಬೇಕೆಂದೇ ಹೋಗಿದ್ದೆ. ನೀನು ಯಾವತ್ತಾದರೂ ಕಾರ್ಖಾನೆಯ ಸ್ಟೋರ್ಸ್ ಒಳಗೆ ಕಾಲಿಟ್ಟಿದ್ದೀಯಾ ಎಂದು ಕೇಳಿದೆ.

"ಇಲ್ಲ ಅಕ್ಕಾ," ಎಂದಳು, ಸ್ವಲ್ಪವೂ ಮುಚ್ಚಿಡದೆ. "ನಾನು ಇಲ್ಲಿಗೆ ಸೇರಿ ಇಪ್ಪತ್ತು ದಿನ ಆಯ್ತು. ಇವ್ರು ಒಂದು ಲಿಸ್ಟ್ ಕೊಡ್ತಾರೆ, ದಿನಕ್ಕೆ ಇಷ್ಟು ಜನಾನ ಇಂಟರ್‌ವ್ಯೂಗೆ ಕಳಿಸ್ಬೇಕು ಅಂತಾರೆ. ಕಳಿಸ್ತೀನಿ."

ಆ ಮುಖ ನೋಡಿ ಬಯ್ಯಲು ಮನಸ್ಸಾಗಲಿಲ್ಲ. ಅವಳಿಗೂ ಬೇರೆ ಕೆಲಸ ಬೇಕಿತ್ತೋ ಏನೋ.

ಎರಡನೆಯ ಕನ್ಸಲ್ಟೆನ್ಸಿಯನ್ನು ನಾನು ಆರಿಸಿಕೊಂಡದ್ದು ಗಾಜಿನ ಬಾಗಿಲು ನೋಡಿ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಹೊಸ ಕಟ್ಟಡ, ಒಳಗೆ ಎಸಿ, ತಟ್ಟೆಯ ಮೇಲೆ ಲೋಟವಿಟ್ಟು ನೀರು ತಂದುಕೊಟ್ಟರು. ಟೈ ಕಟ್ಟಿದ ಮನುಷ್ಯ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದ. ನನ್ನ ಬಯೋಡೇಟಾವನ್ನು ಎರಡು ಬೆರಳಲ್ಲಿ ಹಿಡಿದು, ನಿಮ್ಮ ಯೋಗ್ಯತೆಗೆ ಈ ಕಾಗದ ಸಾಲದು ಮೇಡಂ, ಸ್ವಲ್ಪ ಪಾಲಿಶ್ ಬೇಕು, ಅದನ್ನು ನನಗೆ ಬಿಡಿ ಎಂದ. ಪಾಲಿಶ್ ಮಾಡಿದ್ದನ್ನು ನನಗೊಂದು ಪ್ರತಿ ಕೊಡುತ್ತೀರಾ ಎಂದು ಕೇಳಿದೆ. ಅದು ಆಫೀಸಿನ ಪದ್ಧತಿಯಲ್ಲ ಎಂದ. ನನ್ನನ್ನು ಮೇಡಂ ಎಂದು ಕರೆದವರು ಅದುವರೆಗೆ ಹೆಚ್ಚಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಸಿಯ ವಿಷಯ, ತಟ್ಟೆಯ ಮೇಲಿನ ಲೋಟದ ವಿಷಯ ಎಲ್ಲ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೇಳಿದರು, "ನಿನ್ನ ಏನೇನ್ ಕೇಳ್ದ?"

"ಏನೂ ಕೇಳ್ಲಿಲ್ಲ."

"ಹಂಗಾದ್ರೆ ಏನ್ ತಿಳ್ಕೊಂಡು ಕೆಲ್ಸ ಹುಡುಕ್ತಾನೆ?"

ನನಗೆ ಎಷ್ಟು ಸಿಟ್ಟು ಬಂತೆಂದರೆ, ನಿಮಗೆ ದೊಡ್ಡ ಆಫೀಸುಗಳ ರೀತಿನೀತಿ ಗೊತ್ತಿಲ್ಲ ಎಂದುಬಿಟ್ಟೆ. ಅವರ ಪ್ರಶ್ನೆ ಸರಿಯಾಗಿದ್ದುದರಿಂದಲೇ ನನಗೆ ಅಷ್ಟು ಸಿಟ್ಟು ಬಂದಿತ್ತು.

ಇವರಿಬ್ಬರಲ್ಲದೆ ಮೂರನೆಯವನೊಬ್ಬನಿದ್ದ. ಅವನ ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ತೊರಪಲ್ಲಿಯ ಕಡೆಯವನು, ಅತ್ತೆಯ ತವರಿನ ದೂರದ ಸಂಬಂಧ. ವ್ಯಾನು ಇಟ್ಟುಕೊಂಡು ಹಳ್ಳಿಗಳಿಂದ ಜನರನ್ನು ತುಂಬಿಕೊಂಡು ಹೋಗಿ ಕಾರ್ಖಾನೆಗಳಿಗೆ ಬಿಡುವ ಕಾಂಟ್ರಾಕ್ಟರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವ ಹೊತ್ತು ನೋಡಿ ಅತ್ತೆ ನನ್ನ ಗಂಡನಿಗೆ, "ಅವ್ಳ ಕಾಗ್ದ ಒಂದ ಅವ್ನ ಕೈಗೂ ಕೊಟ್ಟಿರ್ಲಾ, ಕಳ್ಕೊಳ್ಳೋದೇನು," ಎಂದಿದ್ದರಂತೆ. ಗಂಡ ಹೋಗಿ ಕೊಟ್ಟೂ ಬಂದಿದ್ದರು. ನನಗೆ ಹೇಳಿರಲಿಲ್ಲ. ಅವರವರ ಮಟ್ಟಿಗೆ ಎಲ್ಲರೂ ನನಗೆ ಸಹಾಯವೇ ಮಾಡುತ್ತಿದ್ದರು.

ಕಾರ್ಖಾನೆಯ ಮೂರು ತಿಂಗಳು ಮುಗಿಯಿತು. ಮಷೀನುಗಳನ್ನು ಲಾರಿಗೆ ಏರಿಸಿದ ದಿನ ನಮ್ಮ ಅರೆಗಳನ್ನೂ ಬಿಚ್ಚಿ ಏರಿಸಿದರು. ಆಮೇಲೆ ಮನೆಯಲ್ಲಿ ಕೂತೆ. ಫೋನಿನ ಮೇಲೆ ಕಣ್ಣಿಟ್ಟು ಕೂರುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಕೈತುಂಬ ರಾಗಿಹಿಟ್ಟು ಮೆತ್ತಿಕೊಂಡಿದ್ದಾಗಲೇ ಅದು ಬಡಿದುಕೊಳ್ಳುತ್ತಿತ್ತು. ಕೈ ತೊಳೆದು ಓಡಿದರೆ, ಹೊಸ ರಿಂಗ್‌ಟೋನ್ ಬೇಕಾದರೆ ಒಂದನ್ನು ಒತ್ತಿ ಎಂದು ಯಾರೋ ಹಾಡುವ ದನಿಯಲ್ಲಿ ಹೇಳುತ್ತಿದ್ದರು. ಮೊದಲ ಕನ್ಸಲ್ಟೆನ್ಸಿಗೆ ಫೋನ್ ಮಾಡಿದರೆ, ನಿಮ್ಮ ಪ್ರೊಫೈಲ್ ಹೋಗಿದೆ ಅಕ್ಕಾ. ಗಾಜಿನ ಬಾಗಿಲಿಗೆ ಮಾಡಿದರೆ, ಪ್ರೊಫೈಲ್ ಮೂವ್ ಆಗ್ತಿದೆ ಮೇಡಂ. ಎಲ್ಲಿಗೆ ಹೋಗಿದೆ, ಎಲ್ಲಿಗೆ ಮೂವ್ ಆಗುತ್ತಿದೆ ಎಂದು ಇಬ್ಬರೂ ಹೇಳುತ್ತಿರಲಿಲ್ಲ. ನಾನು ಬಾಗಲೂರಿನಲ್ಲಿ ಹಿಟ್ಟು ಕಲಸುತ್ತಾ ಕೂತಿದ್ದೆ, ನನ್ನ ಪ್ರೊಫೈಲು ಮಾತ್ರ ಊರೂರು ತಿರುಗುತ್ತಿತ್ತು.

ಕೊನೆಗೊಂದು ದಿನ ಟೈ ಕಟ್ಟಿದವನೇ ಫೋನ್ ಮಾಡಿದ. ಒಳ್ಳೆಯ ಕಾರ್ಖಾನೆ, ಸ್ಟೋರ್ಸ್ ಕಡೆಯೇ, ಸ್ವಲ್ಪ ದೊಡ್ಡ ಹುದ್ದೆ, ನಾಳೆ ಹನ್ನೊಂದಕ್ಕೆ ಹೋಗಿ, ಕೇಳಿದ್ದಕ್ಕೆಲ್ಲ ಎಸ್ ಅನ್ನಿ ಎಂದ. ಮದುವೆಗಳಿಗೆ ಉಡುವ ಸೀರೆ ಉಟ್ಟು, ಸರ್ಟಿಫಿಕೇಟುಗಳ ಫೈಲು ಹಿಡಿದು ಹೋದೆ.

ಅಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ಪರ್ಸೊನೆಲ್ ಆಫೀಸರು ಐವತ್ತರ ಆಸುಪಾಸಿನವರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮನೆಮಾತು ತಮಿಳಿರಬೇಕು. ನಾನು ಬಾಗಲೂರು ಎಂದ ಮೇಲೆ ಕನ್ನಡದಲ್ಲೇ ಮಾತಾಡಿದರು. ನನಗೆ ಕೂರಲು ಹೇಳಿ, ಮೇಜಿನ ಡ್ರಾಯರಿನಿಂದ ಮೂರು ಕಾಗದ ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು.

"ಒಂದು ವಿಷ್ಯ ಮೊದ್ಲು ಗೊತ್ತಾಗ್ಬೇಕಮ್ಮಾ," ಎಂದರು. "ಮೂರಕ್ಕೂ ಒಂದೇ ಹೆಸ್ರು, ಒಂದೇ ವಿಳಾಸ, ಒಂದೇ ತಂದೆ ಹೆಸ್ರು, ಒಂದೇ ಫೋನ್ ನಂಬರು. ಇವ್ರಲ್ಲಿ ನೀವು ಯಾರು?"

ಒಂದೊಂದಾಗಿ ಓದಿದೆ. ಮೊದಲನೆಯದು ಮಹಡಿಯ ಹುಡುಗಿ ಕಳಿಸಿದ್ದು. ಅದರಲ್ಲಿ ನನ್ನ ಹೆಸರಿನ ಹಿಂದೆ ಮಿಸ್ಟರ್ ಎಂದಿತ್ತು, ಅನುಭವದ ಜಾಗದಲ್ಲಿ ಅಂಗಡಿ ವ್ಯಾಪಾರ ಎಂದಿತ್ತು. ಎರಡನೆಯದು ಗಾಜಿನ ಬಾಗಿಲಿನದು, ದಪ್ಪ ಹಾಳೆ, ನೀಲಿ ಅಂಚು. ಅದರ ಪ್ರಕಾರ ನಾನು ಮೆಟೀರಿಯಲ್ಸ್ ಮ್ಯಾನೇಜರು. ಹನ್ನೆರಡು ವರ್ಷದ ಅನುಭವ, ಕೈಕೆಳಗೆ ಹದಿನೆಂಟು ಜನ, ಹೆಸರು ಕೂಡ ಕೇಳಿರದ ಯಾವುದೋ ಸಾಫ್ಟ್‌ವೇರಿನಲ್ಲಿ ಪರಿಣತಿ. ಮೂರನೆಯದು ಕಾಂಟ್ರಾಕ್ಟರನ ಅಚ್ಚು ಹಾಕಿಸಿದ ಫಾರಂ. ಅದರಲ್ಲಿ ಎಂಟನೇ ತರಗತಿ ಪಾಸು, ಹೆಲ್ಪರ್ ಎಂದು ಬರೆದು, ತೂಕ ಎತ್ತಬಲ್ಲಳು ಎಂಬುದರ ಮುಂದೆ ಟಿಕ್ ಹಾಕಿದ್ದರು.

ನಾನು ಪ್ಲಸ್ ಟೂ, ಅಂದರೆ ಹನ್ನೆರಡನೇ ತರಗತಿ ಮುಗಿಸಿದವಳು. ಆಮೇಲೆ ರಜೆಯ ದಿನಗಳಲ್ಲಿ ಹೋಗಿ ಸ್ಟೋರ್ಸ್ ನಿರ್ವಹಣೆಯ ಸರ್ಟಿಫಿಕೇಟು ಕೋರ್ಸು ಮಾಡಿದ್ದೆ. ಆ ಒಂದು ಸಾಲು ಮೂರು ಕಾಗದದಲ್ಲೂ ಇರಲಿಲ್ಲ.

"ಇದ್ರಲ್ಲಿ ಯಾರೂ ನಾನಲ್ಲ ಸಾರ್," ಎಂದೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದ ನನ್ನ ಸ್ವಂತ ಬಯೋಡೇಟಾವನ್ನು ಫೈಲಿನಿಂದ ತೆಗೆದು ಆ ಮೂರರ ಪಕ್ಕದಲ್ಲಿಟ್ಟೆ. ಅಳು ಬರುವ ಹಾಗಿತ್ತು, ಆದರೆ ಅದಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಅವರು ಕನ್ನಡಕ ಏರಿಸಿಕೊಂಡು ನನ್ನದನ್ನು ನಿಧಾನವಾಗಿ ಓದಿದರು. ಆಮೇಲೆ ವಿವರಿಸಿದರು. ಒಬ್ಬರನ್ನೇ ಎರಡು ಮೂರು ಏಜೆನ್ಸಿ ಕಳಿಸಿದರೆ, ಕೆಲಸ ಕೊಟ್ಟ ಮೇಲೆ ನಾನು ಕಳಿಸಿದ್ದು ತಾನು ಕಳಿಸಿದ್ದು ಎಂದು ಎಲ್ಲರೂ ಕಮಿಷನ್ನಿಗಾಗಿ ಕಿತ್ತಾಡುತ್ತಾರಂತೆ. ಅದಕ್ಕೇ ಕಂಪನಿ ಒಂದು ನಿಯಮ ಮಾಡಿದೆ, ಅಂಥವರನ್ನು ಆರು ತಿಂಗಳು ತೆಗೆದುಕೊಳ್ಳುವಂತಿಲ್ಲ. ಅದೂ ಅಲ್ಲದೆ ನಾನು ಬಂದಿರುವುದು ಮ್ಯಾನೇಜರ್ ಹುದ್ದೆಯ ಇಂಟರ್‌ವ್ಯೂಗೆ, ಅದು ನನಗೆ ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ ಎಂದೆ.

"ತಪ್ಪು ಮಾಡಿದ್ದು ಅವ್ರು. ಆರು ತಿಂಗಳ ಶಿಕ್ಷೆ ನನಗಾ ಸಾರ್?"

ನಿಯಮ ನಾನು ಮಾಡಿದ್ದಲ್ಲಮ್ಮಾ ಎಂದು ಕಾಗದಗಳನ್ನು ಒಟ್ಟುಮಾಡತೊಡಗಿದರು. ನಾನು ಎದ್ದು ನಿಂತೆ. ಹೊರಟುಹೋಗಬೇಕಿತ್ತು. ಆದರೆ ಆ ನಾಲ್ಕು ತಿಂಗಳು ಹತ್ತಿ ಇಳಿದ ಮೆಟ್ಟಿಲು, ಕಾದ ಫೋನು ಎಲ್ಲ ಸೇರಿ ಬಾಯಿಗೆ ಬಂದುಬಿಟ್ಟಿತು.

"ಒಂದು ಮಾತ್ರ ಹೇಳಿ ಸಾರ್. ನಿಮಗೆ ನಿಜ್ವಾಗ್ಲೂ ಒಬ್ರು ಬೇಕೇಬೇಕು ಅಂದ್ರೆ ಯಾರಿಗೆ ಫೋನ್ ಮಾಡ್ತೀರಿ? ಈ ಮೂರು ಜನಕ್ಕಾ?"

ಅವರ ಕೈ ನಿಂತಿತು. ನನ್ನನ್ನು ನೋಡಿ, ಅವತ್ತು ಮೊದಲ ಬಾರಿಗೆ ನಕ್ಕರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಈ ಪ್ರಶ್ನೆ ಎಂದರು. ಒಂದು ಚೀಟಿಯಲ್ಲಿ ಕೃಷ್ಣಗಿರಿಯ ವಿಳಾಸ ಬರೆದುಕೊಟ್ಟರು. ಅಲ್ಲಿ ಒಬ್ಬ ಹೆಂಗಸಿದ್ದಾರೆ, ಬೋರ್ಡಿಲ್ಲ, ಪೇಪರಿನಲ್ಲಿ ಜಾಹೀರಾತಿಲ್ಲ, ಅವರು ಒಬ್ಬರನ್ನು ಕಳಿಸಿದರೆ ನಾವು ಎರಡನೆಯವರನ್ನು ನೋಡುವುದಿಲ್ಲ ಎಂದರು. "ಆಯಮ್ಮ ಸ್ವಲ್ಪ ಖಾರ. ಪರವಾಯಿಲ್ಲ, ನೀವೂ ಹಂಗೇ ಕಾಣ್ತೀರಿ."

ಮನೆಗೆ ಬಂದು ಮೂರನೆಯ ಕಾಗದದ ವಿಚಾರಣೆ ಮಾಡಿದೆ. ಗಂಡ ಒಪ್ಪಿಕೊಂಡರು. ಅತ್ತೆ ಒಪ್ಪಿಕೊಳ್ಳಲಿಲ್ಲ. ಒಳ್ಳೇದು ಮಾಡೋಕೆ ಹೋದ್ರೆ ಹಿಂಗೇ ಆಗೋದು ಎಂದು ಗೋಡೆಯ ಕಡೆ ತಿರುಗಿ ಹೇಳಿಕೊಂಡರು. ಎಂಟನೇ ಕ್ಲಾಸು ಅಂತ ಯಾಕೆ ಬರೆಸಿದಿರಿ ಎಂದು ಗಂಡನನ್ನು ಕೇಳಿದೆ. ನಾನು ಬರೆಸಲಿಲ್ಲ, ಜಾಸ್ತಿ ಓದಿದೋರನ್ನ ಹೆಲ್ಪರ್ ಕೆಲಸಕ್ಕೆ ತಗೊಳ್ಳಲ್ಲ ಅಂತ ಅವನೇ ಬರ್ಕೊಂಡ ಎಂದರು.

ಕೃಷ್ಣಗಿರಿಗೆ ಬಾಗಲೂರಿನಿಂದ ಎರಡು ಬಸ್ಸು. ಕೋಟೆಯ ಬೆಟ್ಟದ ಕೆಳಗೆ, ಹಳೇಪೇಟೆಯ ಬೀದಿಯೊಂದರಲ್ಲಿ ಆ ಮನೆ. ಮುಂದಿನ ಕೋಣೆಯೇ ಆಫೀಸು. ಒಂದು ಮೇಜು, ಒಂದು ಕಬ್ಬಿಣದ ಬೀರು, ಅದರ ತುಂಬ ಉದ್ದನೆಯ ನೋಟುಪುಸ್ತಕಗಳು. ಅರವತ್ತರ ಹತ್ತಿರದ ಆ ಹೆಂಗಸು ಹಿಂದೆ ನೂಲಿನ ಗಿರಣಿಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವರು, ಅಂದರೆ ಸಾವಿರಾರು ಜನರ ಹಾಜರಿ, ರಜೆ, ಶಿಫ್ಟು ಬರೆದವರು. ಗಿರಣಿ ಮುಚ್ಚಿದಾಗ ಅಲ್ಲಿಯವರಿಗೆ ಒಬ್ಬೊಬ್ಬರಿಗಾಗಿ ಬೇರೆ ಕಡೆ ಕೆಲಸ ಕೇಳುತ್ತಾ ಹೋಗಿ, ಅದೇ ಕಸುಬಾಯಿತಂತೆ. ಕೆಲಸ ಹುಡುಕಿಕೊಂಡು ಬಂದವರಿಂದ ಏನೂ ಪಡೆಯುತ್ತಿರಲಿಲ್ಲ, ಕಂಪನಿಯವರೇ ಕೊಡುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲ ದಿನ ಅವರು ನನ್ನೊಂದಿಗೆ ಮಾತಾಡಿದ್ದು ಐದು ನಿಮಿಷ.

"ನಿನ್ ಕಾಗ್ದ ಎಲ್ಲೆಲ್ಲಿ ಹೋಗಿದೆ?" ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

ಮೂರು ಕಡೆಯ ಕತೆ ಹೇಳಿದೆ. ಅವರು ತೆರೆದಿದ್ದ ಪೆನ್ನಿಗೆ ಕ್ಯಾಪು ಹಾಕಿದರು.

"ಮೂರೂ ಕಡೆಯಿಂದ ವಾಪಸ್ ತಗೊಂಡಿದೀನಿ ಅಂತ ಬರೆಸ್ಕೊಂಡು ಬಾ. ಆಮೇಲೆ ಕೂತು ಮಾತಾಡೋಣ."

ಎರಡು ಬಸ್ಸು ಹಿಡಿದು ಬಂದಿದ್ದೇನೆ ಅಮ್ಮಾ ಎಂದೆ. ಗೊತ್ತು, ಹೋಗಕ್ಕೂ ಎರಡೇ ಎಂದರು. ಬಿಸಿಲಲ್ಲಿ ಬಸ್ ನಿಲ್ದಾಣಕ್ಕೆ ನಡೆಯುತ್ತಾ ಜೀವನದಲ್ಲಿ ಅದುವರೆಗೆ ಯಾರಿಗೂ ಬಯ್ಯದಷ್ಟು ಅವರಿಗೆ ಮನಸ್ಸಿನಲ್ಲೇ ಬೈದೆ. ಎಲ್ಲರೂ ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸಿತು. ಆದರೂ ಮಾರನೆಯ ದಿನ ಮೂರು ಪತ್ರ ಬರೆದೆ. ಬೇರೆ ದಾರಿ ಇರಲಿಲ್ಲ.

ಮಹಡಿಯ ಹುಡುಗಿ ನನ್ನೆದುರಿಗೇ ಕಂಪ್ಯೂಟರಿನಿಂದ ನನ್ನ ಹೆಸರು ಅಳಿಸಿ, ಪತ್ರಕ್ಕೆ ಸಹಿ ಹಾಕಿ, ಸೀಲು ಒತ್ತಿಕೊಟ್ಟಳು. ಕಾಂಟ್ರಾಕ್ಟರನ ಬಳಿಗೆ ಗಂಡನನ್ನೇ ಕಳಿಸಿದೆ. ಆ ಫಾರಂ ಎಲ್ಲಿ ಹೋಯಿತೋ ಅವನಿಗೇ ಗೊತ್ತಿರಲಿಲ್ಲ, ಬೇಕಾದ್ದು ಬರ್ಕೊಳ್ಳಿ ಎಂದು ಸಹಿ ಹಾಕಿದ. ಉಳಿದದ್ದು ಗಾಜಿನ ಬಾಗಿಲು. ಟೈ ಕಟ್ಟಿದವನಿಗೆ ಸ್ವಲ್ಪವೂ ನಾಚಿಕೆಯಿರಲಿಲ್ಲ. ಎಲ್ಲರೂ ಹೀಗೆಯೇ ಬರೆಯುವುದು ಮೇಡಂ, ಮಾರ್ಕೆಟ್ ಇರೋದೇ ಹಿಂಗೆ, ಒಂದು ಸಲ ಡೇಟಾಬೇಸಿಗೆ ಹೋದದ್ದನ್ನು ತೆಗೆಯಲು ಬರುವುದಿಲ್ಲ ಎಂದ. ಸಹಿ ಹಾಕಿ ಎಂದೆ. ಅದು ಹೆಡ್ ಆಫೀಸಿನಿಂದ ಆಗಬೇಕು ಎಂದ.

ನಾನು ಹೊರಗಿನ ಸೋಫಾದಲ್ಲಿ ಕೂತೆ. ನನಗೆ ಬೇರೆ ಕೆಲಸ ಇರಲಿಲ್ಲ, ಅವನೇ ನನಗೆ ಕೆಲಸ ಕೊಡಿಸಿರಲಿಲ್ಲವಲ್ಲ. ಹತ್ತು ಗಂಟೆಯಿಂದ ಜನ ಬರತೊಡಗಿದರು. ಐಟಿಐ ಮುಗಿಸಿದ ಹುಡುಗರು, ಡಿಪ್ಲೊಮಾ ಮಾಡಿದವರು, ನಮ್ಮಂತೆಯೇ ಕಾರ್ಖಾನೆ ಕಳೆದುಕೊಂಡ ಇಬ್ಬರು ಹೆಂಗಸರು. ಪಕ್ಕದಲ್ಲಿ ಕೂತ ಪ್ರತಿಯೊಬ್ಬರಿಗೂ ನನಗೆ ಆದದ್ದನ್ನು ಹೇಳಿದೆ. ದನಿ ಏರಿಸಲಿಲ್ಲ, ಬಸ್ಸಿನಲ್ಲಿ ಪಕ್ಕದವರೊಂದಿಗೆ ಮಾತಾಡುವ ಹಾಗೆ ಮಾತಾಡಿದೆ. ಒಳಗೆ ಹೋದಾಗ ನಿಮ್ಮ ಬಯೋಡೇಟಾದ ಪ್ರತಿ ಕೇಳಿ, ಕೊಡ್ತಾನಾ ನೋಡಿ ಎಂದೆ. ಅವರು ಕೇಳಿದರು. ಹನ್ನೆರಡಕ್ಕೆ ಒಬ್ಬ ತನ್ನ ಫೋಟೋಗಳನ್ನು ವಾಪಸ್ ಇಸಿದುಕೊಂಡು ಹೊರಟುಹೋದ. ಎರಡಕ್ಕೆ ಇನ್ನಿಬ್ಬರು. ನನಗೆ ತಟ್ಟೆಯ ಮೇಲೆ ನೀರು ತರುವುದನ್ನು ಬೆಳಿಗ್ಗೆಯೇ ನಿಲ್ಲಿಸಿದ್ದರು, ಮನೆಯಿಂದ ತಂದ ಬಾಟಲಿ ಇತ್ತು. ಮೂರು ಗಂಟೆಗೆ ಅವನೇ ಹೊರಗೆ ಬಂದು, ನನ್ನ ಮುಖ ನೋಡದೆ ಪತ್ರ ಕಿತ್ತುಕೊಂಡು ಸಹಿ ಹಾಕಿದ. ಹೆಡ್ ಆಫೀಸು ಮಧ್ಯೆ ಬರಲೇ ಇಲ್ಲ.

ಎರಡನೆಯ ಸಲ ಕೃಷ್ಣಗಿರಿಗೆ ಹೋದಾಗ ಆ ಹೆಂಗಸು ಮೂರು ಪತ್ರವನ್ನೂ ಓದಿ, ಬೀರುವಿನಿಂದ ಒಂದು ನೋಟುಪುಸ್ತಕ ತೆಗೆದರು. ಒಂದೂವರೆ ಗಂಟೆ ಪ್ರಶ್ನೆ ಕೇಳಿದರು. ಯಾವ ಯಾವ ಸಾಮಾನು ನೋಡಿಕೊಳ್ಳುತ್ತಿದ್ದೆ, ಬಂದ ಮಾಲನ್ನು ಯಾರು ಎಣಿಸುತ್ತಿದ್ದರು, ಕಾರ್ಡು ಯಾರು ಬರೆಯುತ್ತಿದ್ದರು, ಕಂಪ್ಯೂಟರು ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ. ಕೊನೆಗೆ ಪೆನ್ನು ಎತ್ತಿ ಕೇಳಿದರು.

"ಕಾರ್ಡಲ್ಲಿ ಇಪ್ಪತ್ಮೂರು ಇದೆ. ಅರೆಯಲ್ಲಿ ಇಪ್ಪತ್ತೇ ಇದೆ. ಏನ್ ಮಾಡ್ತೀಯಾ?"

"ಮೊದ್ಲು ಚೀಟಿಗಳನ್ನ ನೋಡ್ತೀನಿ. ಹಿಂದಿನ ಶಿಫ್ಟ್‌ನೋರು ತಗೊಂಡು ಬರೀದೆ ಬಿಟ್ಟಿರ್ತಾರೆ. ಆಮೇಲೆ ಪಕ್ಕದ ಅರೆ ನೋಡ್ತೀನಿ, ಅಲ್ಲಿಗೆ ಹಾಕಿರ್ತಾರೆ."

"ಎಲ್ಲೂ ಸಿಗ್ಲಿಲ್ಲ."

"ಮೂರು ಸಿಗ್ಲಿಲ್ಲ ಅಂತ ಬರ್ದು ಮೇಲಿನೋರಿಗೆ ಕೊಡ್ತೀನಿ. ಕಾರ್ಡು ತಿದ್ದಲ್ಲ."

ಅವರು ಹೂಂ ಎಂದು ಅದನ್ನು ಬರೆದುಕೊಂಡರು. ಆಮೇಲೆ ಮನೆಯ ವಿಷಯ ಕೇಳಿದರು. ಮಕ್ಕಳು ಎಷ್ಟು ಹೊತ್ತಿಗೆ ಬರುತ್ತಾರೆ, ಗಂಡನ ಶಿಫ್ಟು ಯಾವುದು, ಎರಡನೇ ಶಿಫ್ಟು ಮುಗಿದರೆ ಬಾಗಲೂರಿಗೆ ಬಸ್ಸಿದೆಯೇ, ಯಾವ ಕೆಲಸ ಕೊಟ್ಟರೂ ಮಾಡುವುದಿಲ್ಲ ಅನ್ನುವುದು ಏನಾದರೂ ಇದೆಯೇ. ವ್ಯಾನಿನಲ್ಲಿ ತುಂಬಿಕೊಂಡು ಹೋಗುವ ಕಾಂಟ್ರಾಕ್ಟು ಬೇಡ ಎಂದೆ. ಅದನ್ನೂ ಬರೆದುಕೊಂಡರು. ಇಷ್ಟನ್ನು ಕೇಳಲು ನಾಲ್ಕು ತಿಂಗಳಲ್ಲಿ ಯಾರಿಗೂ ಒಂದು ಗಂಟೆ ಸಿಕ್ಕಿರಲಿಲ್ಲವೇ ಎಂದು ವಾಪಸ್ ಬರುವ ಬಸ್ಸಿನಲ್ಲಿ ನನಗೆ ಮತ್ತೆ ಸಿಟ್ಟು ಬಂತು.

ಸಿಟ್ಟು ಅಲ್ಲಿಗೇ ಮುಗಿಯಲಿಲ್ಲ. ಅವರು ಏಳು ವಾರ ಫೋನ್ ಮಾಡಲಿಲ್ಲ. ಸುಳ್ಳು ಇಂಟರ್‌ವ್ಯೂಗಾದರೂ ಕಳಿಸುತ್ತಿದ್ದ ಆ ಹುಡುಗಿಯೇ ವಾಸಿ ಎಂದು ಅತ್ತೆ ಹೇಳತೊಡಗಿದರು. ಎರಡು ಸಲ ನಾನೇ ಫೋನ್ ಮಾಡಿದೆ. ಎರಡನೆಯ ಸಲ ಅವರಿಗೂ ಸಿಟ್ಟು ಬಂತು.

"ನಿನ್ನ ಎಲ್ಲಾದ್ರೂ ತಳ್ಬುಡೋದು ನನಗೆ ಒಂದು ದಿನದ ಕೆಲ್ಸ ಕಣಮ್ಮಾ. ಮೂರು ತಿಂಗ್ಳಿಗೆ ನೀನು ಬಿಟ್ಟು ಬಂದ್ರೆ ಆ ಕಂಪ್ನಿಯೋರು ಆಮೇಲೆ ನನ್ ಮುಖ ನೋಡಲ್ಲ. ನಿಂಗೂ ಬೇಡ, ನಂಗೂ ಬೇಡ. ಇರು."

ಇದ್ದೆ. ಎಂಟನೆಯ ವಾರದ ಮೊದಲ ದಿನ ಫೋನು ಬಂತು. ಅವರು ಕೆಲಸದ ಹೆಸರು ಹೇಳುವ ಮೊದಲು ಅದರ ತೊಂದರೆಗಳನ್ನೆಲ್ಲ ಹೇಳಿದರು. ಮ್ಯಾನೇಜರು ಕೂಗಾಡುತ್ತಾನೆ. ಹಿಂದಿನ ಸ್ಟೋರ್‌ಕೀಪರು ಅವನೊಂದಿಗೆ ಜಗಳವಾಡಿ ಬಿಟ್ಟುಹೋಗಿದ್ದಾನೆ. ಸ್ಟೋರು ಕಸದ ತೊಟ್ಟಿಯಾಗಿದೆ. ಜನವರಿ ಫೆಬ್ರವರಿಯಲ್ಲಿ ಒಂದು ದಿನವೂ ರಜೆ ಕೇಳುವ ಹಾಗಿಲ್ಲ. ಕೋಲ್ಡ್ ರೂಮಿಗೆ ಹೋಗಿ ಬರಬೇಕು, ಶೀತ ಆಗುತ್ತದೆ. ಇಷ್ಟೆಲ್ಲ ಕೇಳಿಯೂ ಬೇಕಾದರೆ ಮುಂದಿನದು ಹೇಳುತ್ತೇನೆ ಎಂದರು. ಹೇಳಿ ಎಂದೆ. ವಿದೇಶಕ್ಕೆ ಗುಲಾಬಿ ಹೂ ಕಳಿಸುವ ಫಾರ್ಮು, ನಮ್ಮ ಮನೆಯಿಂದ ಆರು ಕಿಲೋಮೀಟರು, ಬಾಗಲೂರಿನಿಂದಲೇ ಅವರ ಗಾಡಿ ಹೊರಡುತ್ತದೆ, ಹಗಲು ಕೆಲಸ, ಖಾಯಂ.

ಹೂವಿನ ತೋಟವೇ ಎಂದು ನನ್ನ ದನಿ ಇಳಿದಿರಬೇಕು. ಒಂಬತ್ತು ವರ್ಷ ಬೇರಿಂಗುಗಳ ಮಧ್ಯೆ ಬದುಕಿದವಳು ನಾನು.

"ಅಲ್ಲಿ ಪೆಟ್ಟಿಗೆ ಇದೆ, ಪ್ಲಾಸ್ಟಿಕ್ ಹಾಳೆ ಇದೆ, ಗೊಬ್ಬರ, ಔಷಧಿ, ಪೈಪು, ಕತ್ತರಿ, ಎಲ್ಲಾ ಇದೆ," ಎಂದರು. "ಎಣಿಸೋದು ಒಂದೇ ಅಲ್ವಾ. ನಿನ್ ಕಾಗ್ದ ಕಳಿಸ್ಲಾ ಬೇಡ್ವಾ? ನೀನು ಹೂಂ ಅನ್ನೋವರ್ಗೂ ಕಳಿಸಲ್ಲ."

ಹೂಂ ಎಂದೆ.

ಫಾರ್ಮಿಗೆ ಹೋದಾಗ ಮ್ಯಾನೇಜರ ಕೈಯಲ್ಲಿದ್ದದ್ದು ಒಂದೇ ಹಾಳೆ, ಕೃಷ್ಣಗಿರಿಯ ಆ ಹೆಂಗಸು ಸ್ವಂತ ಕೈಯಲ್ಲಿ ಬರೆದದ್ದು. ಅದರಲ್ಲಿದ್ದವಳು ಪೂರ್ತಿ ನಾನೇ. ಕಂಪ್ಯೂಟರು ಸ್ವಲ್ಪ ಮಾತ್ರ ಗೊತ್ತು, ಕಲಿಸಬೇಕು ಎಂದೂ ಬರೆದಿದ್ದರು. ಮ್ಯಾನೇಜರು ಅದನ್ನು ಓದಿ, ಪ್ರಶ್ನೆ ಕೇಳದೆ, ನನ್ನನ್ನು ಸ್ಟೋರಿಗೆ ಕರೆದುಕೊಂಡು ಹೋದ. ಗೊಬ್ಬರದ ಮೂಟೆಯ ಮೇಲೆ ಹೂವಿನ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ಔಷಧಿಯ ಡಬ್ಬಗಳು. ಇದನ್ನು ಸರಿಮಾಡಲು ಎಷ್ಟು ದಿನ ಬೇಕು ಎಂದ. ಕೇಳಿದ್ದಕ್ಕೆಲ್ಲ ಎಸ್ ಅನ್ನುವ ಕಾಲ ಮುಗಿದಿತ್ತು. ದಿನ ಅಲ್ಲ ಸಾರ್, ನಾಲ್ಕು ತಿಂಗಳು ಬೇಕು, ಔಷಧಿಗೆ ಬೇರೆ ಕೋಣೆ ಬೇಕು ಎಂದೆ. ಅವನು ನಾಲ್ಕು ತಿಂಗಳಾ ಎಂದು ಕೂಗಿದ. ಆಮೇಲೆ, ಸೋಮವಾರದಿಂದ ಬನ್ನಿ ಎಂದ.

ಕೆಲಸ ಖಾಯಂ ಆದ ಮೇಲೆ ಒಂದು ಭಾನುವಾರ ಮೈಸೂರುಪಾಕಿನ ಡಬ್ಬ ಹಿಡಿದು ಕೃಷ್ಣಗಿರಿಗೆ ಹೋದೆ. ಅವರು ಡಬ್ಬವನ್ನು ನೋಡಿ ಮುಖ ಗಂಟಿಕ್ಕಿದರು. ನನಗೆ ಸಕ್ಕರೆ ಕಾಯಿಲೆ, ಇದನ್ನ ಯಾರು ತರಕ್ಕೆ ಹೇಳಿದ್ರು ಎಂದರು. ಕೂರು ಎನ್ನುವುದಕ್ಕೂ ಮೊದಲು, ನಿಮ್ಮ ಹಳೇ ಕಾರ್ಖಾನೇಲಿ ಫೋರ್ಕ್‌ಲಿಫ್ಟ್ ಓಡಿಸ್ತಿದ್ದೋರು ಯಾರಾದ್ರೂ ಖಾಲಿ ಇದ್ದಾರಾ, ಕುಡಿಯದೆ ಇರೋರು ಎಂದು ಕೇಳಿದರು. ಒಬ್ಬರಿದ್ದಾರೆ, ಆದರೆ ಕಿವಿ ಸ್ವಲ್ಪ ಮಂದ ಎಂದೆ. ಹಾಗಾದ್ರೆ ಬೇಡ, ಎಂದು ತಲೆ ಅಲ್ಲಾಡಿಸಿ ಒಳಗೆ ಹೋಗಿ ಕಾಫಿ ತಂದರು.

ಆ ಫಾರ್ಮಿನಲ್ಲಿ ಆರು ವರ್ಷ ಇದ್ದೆ. ಮ್ಯಾನೇಜರು ಕೂಗಾಡುವುದನ್ನು ಬಿಡಲಿಲ್ಲ. ನಾನೂ ಎರಡನೆಯ ವರ್ಷದಿಂದ ಉತ್ತರ ಕೊಡುವುದನ್ನು ಕಲಿತೆ. ಪ್ರೇಮಿಗಳ ದಿನದ ಗುಲಾಬಿಗಳಿಗೆಂದು ಕೋಲ್ಡ್ ರೂಮಿಗೆ ಓಡಾಡಿ, ಪ್ರತಿ ಫೆಬ್ರವರಿಯಲ್ಲೂ ತಪ್ಪದೆ ಶೀತವಾಗುತ್ತಿತ್ತು.